ಜೈನಬಿ ಹಚ್ಚಿದ ಅಕ್ಷರ

ಕೇಳ್ರಪ್ಪಾ, ನಮ್ಮಜ್ಜನ ಅಜ್ಜನೂ ಹುಟ್ಟಿರದ ಕಾಲ. ಡೋಣಿ ಹೊಳೆಯ ದಂಡೆಗೆ ಒಂದೂರು. ಆ ಊರಲ್ಲಿ ಬಟ್ಟೆಗೆ ಬಣ್ಣ ಹಾಕುವವರ ಮನೆಯೊಂದಿತ್ತು. ಆ ಮನೆಯ ಸೊಸೆ ಜೈನಬಿ. ಆಕೆ ಅದ್ದಿದ ಬಟ್ಟೆ ಹರಿದು ಚಿಂದಿಯಾದರೂ ಬಣ್ಣ ಮಾತ್ರ ಬಿಡುತ್ತಿರಲಿಲ್ಲ ಅಂತಾರೆ.

ಅತ್ತೆ ಹಾಜರಬಿಯದು ದೊಡ್ಡ ಬಾಯಿ. ಸೊಸೆ ಬಡಿದ ರೊಟ್ಟಿಯಲ್ಲಿ, ಸೊಸೆ ಒಣಹಾಕಿದ ಸೀರೆಯಲ್ಲಿ ಏನಾದರೂ ತಪ್ಪು ಹುಡುಕದಿದ್ದರೆ ಆಕೆಗೆ ಹೊತ್ತೇ ಹೋಗುತ್ತಿರಲಿಲ್ಲ. ಆದರೆ ಮುದುಕಿಗೆ ಒಂದು ಆಸೆಯಿತ್ತು. ಕುರಾನಿನ ಎಷ್ಟೋ ಮಾತು ಬಾಯಿಗೆ ಬರುತ್ತಿದ್ದವು, ಕಣ್ಣಿಗೆ ಒಂದೂ ಬರುತ್ತಿರಲಿಲ್ಲ. ಸಾಯುವುದರೊಳಗೆ ಒಮ್ಮೆ ನೋಡಿ ಓದಬೇಕು ಅಂತ ಮಸೀದಿಯ ಪಡಸಾಲೆಗೆ ಹೋಗಿ, ಮುಲ್ಲಾ ಕಾಸೀಮಸಾಬರ ಮುಂದೆ ಮಕ್ಕಳ ಸಾಲಿನಲ್ಲಿ ಕೂತಳಂತೆ.

ಬಿಡಿ ಅಕ್ಷರ ಬೇಗ ಕಲಿತಳು. ದೋಣಿಯ ಹಾಗೆ ಮಲಗಿ ಕೆಳಗೊಂದು ಚುಕ್ಕೆ ಇದ್ದರೆ ಅದು ಬೇ. ಹಲ್ಲಿನ ಸಾಲಿದ್ದರೆ ಸೀನ್. ಗಂಟು ಹಾಕಿ ಬಾಲ ಬಿಟ್ಟರೆ ಮೀಮ್. ಆದರೆ ಅರಬಿ ಬರಹ ನಿಮಗೆ ಗೊತ್ತಲ್ಲ, ಅಕ್ಷರಗಳು ಒಂದರ ಕೈ ಒಂದು ಹಿಡಿದುಕೊಂಡೇ ಹೋಗುತ್ತವೆ. ಹಿಡಿದ ಕೂಡಲೇ ರೂಪ ಬದಲಾಗುತ್ತದೆ. ದೋಣಿಯಂಥ ಬೇ ಹೋಗಿ ಒಂದು ಸಣ್ಣ ಹಲ್ಲು, ಒಂದು ಚುಕ್ಕೆ ಅಷ್ಟೇ ಉಳಿಯುತ್ತದೆ. ‘ಬಿಸ್ಮಿ’ ಅಂತ ಬರೆದ ಹಲಗೆ ನೋಡಿ ಹಾಜರಬಿ ದಂಗಾದಳು. ಯಾವುದು ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಶುರುವಾಯಿತು, ತಿಳಿಯಲೇ ಇಲ್ಲ.

ಅವತ್ತು ಮುದುಕಿ ಮನೆಗೆ ಬಂದು ಯಾರನ್ನೂ ಬಯ್ಯಲಿಲ್ಲವಂತೆ. ರೊಟ್ಟಿಯನ್ನೂ ಮುಟ್ಟಲಿಲ್ಲ. ಬಯ್ಯದ ಅತ್ತೆಯನ್ನು ಕಂಡು ಜೈನಬಿಗೆ ಹೆದರಿಕೆಯಾಯಿತು.

“ಯಾಕತ್ತೀ, ಮೈಯಾಗ ಆರಾಮಿಲ್ಲೇನು?”

“ನನ್ನ ಕಣ್ಣಿಗೆ ಅದು ಬರೂದಲ್ಲ ಬಿಡವಾ. ವಯಸ್ಸಾತು.”

ಜೈನಬಿ ತವರಲ್ಲೇ ಅರಬಿ ಓದುಬರಹ ಕಲಿತವಳು. ಮನೆಯ ಬಣ್ಣಗಳನ್ನೇ ತಂದಳು. ಬೇ ಕೆಂಪು, ಸೀನ್ ನೀಲಿ, ಮೀಮ್ ಹಳದಿ. ಲೇಖನಿಯನ್ನು ಒಂದೊಂದು ಬಣ್ಣದಲ್ಲಿ ಅದ್ದಿ ಬರೆದಳು. ಆದರೆ ಬಣ್ಣ ಬದಲಿಸಲು ಕೈ ಎತ್ತಿದಾಗೆಲ್ಲ ಕೊಂಡಿ ಕಳಚಿತು, ಮಾತು ಮೂರು ಚೂರಾಯಿತು. ಅಂಟಿಸಿ ಬರೆದರೆ ಬಣ್ಣಗಳು ಒಂದರೊಳಗೊಂದು ಹರಿದು ಕೆಸರಾದವು. ಮುಲ್ಲಾ ಸಾಹೇಬರು ನೋಡಿ ಮೆಲ್ಲಗೆ ಹೇಳಿದರಂತೆ: ಬಣ್ಣ ಹಾಕು ತಾಯಿ, ಬೇಡ ಅನ್ನುವುದಿಲ್ಲ, ಆದರೆ ಆ ಮಾತು ತುಂಡಾಗಬಾರದು.

ತುಂಡಾಗದ ಹಾಗೆ ಹೇಗೆ? ಎಷ್ಟು ದಿನ ತಲೆ ಕೆಡಿಸಿಕೊಂಡಳೋ. ಒಂದು ಮಧ್ಯಾಹ್ನ ಸೀರೆಯ ಸೆರಗನ್ನು ಕೆಂಪಿನಲ್ಲಿ ಅದ್ದುತ್ತಿದ್ದವಳು ಹಾಗೇ ನಿಂತುಬಿಟ್ಟಳಂತೆ. ಒಡಲು ನೀಲಿ, ಸೆರಗು ಕೆಂಪು, ಆದರೂ ಸೀರೆಯನ್ನು ಯಾರೂ ಕತ್ತರಿಸಿಲ್ಲ. ಮೊದಲು ನೇಯ್ದದ್ದು, ಬಣ್ಣ ಆಮೇಲೆ!

ಒದ್ದೆ ಕೈಯಲ್ಲೇ ಒಳಗೆ ಓಡಿದಳು. ತೆಳು ಮಸಿಗೆ ಗೋಂದು ಕಲಸಿ, ಕೈ ಎತ್ತದೆ ಇಡೀ ಮಾತು ಬರೆದಳು. ಅದು ಒಣಗುವವರೆಗೆ ಕಾದು, ಅದರ ಮೇಲೆ ಒಂದೊಂದೇ ಅಕ್ಷರಕ್ಕೆ ಬಣ್ಣ ಹಚ್ಚಿದಳು. ಒಂದು ಒಣಗಿದ ಮೇಲೇ ಇನ್ನೊಂದು. ಕೆಂಪು ಮುಗಿದಲ್ಲಿ ನೀಲಿ, ನೀಲಿ ಮುಗಿದಲ್ಲಿ ಹಳದಿ. ಕೊಂಡಿ ಎಲ್ಲೂ ಬಿಡಲಿಲ್ಲ.

ಹಾಜರಬಿ ಹಲಗೆಯನ್ನು ಬಿಸಿಲಿಗೆ ಹಿಡಿದಳು. ಆ ಸಣ್ಣ ಹಲ್ಲಿನ ಮೇಲೆ ಬೆರಳಿಟ್ಟು, “ಇದಽ ಏನವಾ ಬೇ? ಇಷ್ಟು ದಿನ ಇಲ್ಲೇ ಇತ್ತೇನು?” ಅಂದಳಂತೆ.

ಅಲ್ಲಿಂದ ಜೈನಬಿ ದಿನವೂ ಹಲಗೆ ಬರೆದಳು. ತೊಳೆದ ನೀರನ್ನು ಯಾರೂ ತುಳಿಯಬಾರದೆಂದು ಬೇವಿನ ಬುಡಕ್ಕೆ ಸುರಿದಳು. ಆ ಬೇವು ಮೂರು ಬಣ್ಣದ ಹೂ ಬಿಟ್ಟಿತು ಅಂತಾರೆ. ನಾನಂತೂ ಬಿಳಿ ಹೂವನ್ನೇ ನೋಡಿದ್ದೇನೆ.

ಕೆಲವು ತಿಂಗಳಾದ ಮೇಲೆ ಮುಲ್ಲಾ ಸಾಹೇಬರು ಪರೀಕ್ಷೆ ಮಾಡಿದರು. ಬಾಯಿಪಾಠದ ಮಾತಾದರೆ ಓದಿದಳೋ, ನೆನಪಿನಿಂದ ಹೇಳಿದಳೋ ತಿಳಿಯುವುದಿಲ್ಲ. ಅದಕ್ಕೇ ಬರೀ ಕಪ್ಪು ಮಸಿಯಲ್ಲಿ ಬೇರೆ ಒಂದು ಮಾತು ಬರೆದು ಮುಂದಿಟ್ಟರು. ಹಾಜರಬಿ ಬೆರಳಿಟ್ಟು ಬಲದಿಂದ ಎಡಕ್ಕೆ ಹೋದಳು. ತುಟಿ ಅಲುಗಿತು, ದನಿ ಬರಲಿಲ್ಲ. ಮುಖ ಕೆಂಪಾಯಿತು. ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಕಣ್ಣಲ್ಲಿ ನೀರು.

“ಓದು ಅತ್ತೀ” ಅಂದಳು ಜೈನಬಿ.

“ಹೆಂಗ ಓದ್ಲೇ? ಅವರ ಹೆಸರು ನಾ ಹೆಂಗ ಹೇಳ್ಲಿ?”

ಮುಲ್ಲಾ ಬರೆದದ್ದು ‘ಹಸನ್’. ಎಂದೋ ತೀರಿಹೋದ ಆಕೆಯ ಗಂಡನ ಹೆಸರು. ಗಂಡನ ಹೆಸರನ್ನು ಆ ಕಾಲದ ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮುಲ್ಲಾ ಸಾಹೇಬರು ಗಡ್ಡ ನೀವಿಕೊಂಡು, ಓದು ಬಂದಿತು, ಇನ್ನು ಕುರಾನು ತೆಗೆಯಬಹುದು ಅಂದರಂತೆ. ಹಾಜರಬಿ ಅದನ್ನು ಕೊನೆಯವರೆಗೂ ಓದಿಯೇ ಕಣ್ಣು ಮುಚ್ಚಿದಳು. ಸೊಸೆಯ ರೊಟ್ಟಿಯಲ್ಲಿ ತಪ್ಪು ಹುಡುಕುವುದನ್ನು ಮಾತ್ರ ಬಿಡಲಿಲ್ಲ ಅಂತಾರೆ.

ಈಗಲೂ ಆ ಊರಲ್ಲಿ ವಯಸ್ಸಾದವರು ಯಾರಾದರೂ ಅಕ್ಷರಕ್ಕೆ ಕೂತರೆ, ಅದು ಅರಬಿಯಿರಲಿ ಕನ್ನಡವಿರಲಿ, ಮೊದಲ ಹಲಗೆಗೆ ಮನೆಯ ಸೊಸೆಯೇ ಬಣ್ಣ ಹಚ್ಚಬೇಕು. ಹಚ್ಚಿ, ಮುಂದಿಟ್ಟು, ಪಕ್ಕದಲ್ಲೇ ಕೂಡಬೇಕು. ಆ ಹೊತ್ತಿನಲ್ಲಿ ಒಲೆಯ ಮೇಲೆ ಏನೇ ಸೀದರೂ ಆ ಮನೆಯಲ್ಲಿ ಯಾರೂ ಅವಳನ್ನು ಕರೆಯುವುದಿಲ್ಲ.