ಕೊಳ ಕೆರೆಸಿದ ರಾಜ

ಹೂಂಗುಟ್ಟಿ ಕೇಳ್ರಪ್ಪಾ, ಸೊಂಟ ಬಿದ್ದೋಗಿದೆ, ಎರಡೆರಡು ಸಲ ಹೇಳೋಕೆ ನನ್ನ ಕೈಲಾಗಲ್ಲ. ಒಂದೂರು, ಊರಿಗೊಬ್ಬ ರಾಜ. ಅರಮನೆ ಹಿಂದೆ ತೋಟ ಬೇಕು, ತೋಟದ ನಡುವೆ ಕೊಳ ಬೇಕು ಅಂತ ಅವನಿಗೆ ಆಸೆ ಆಯ್ತಂತೆ. ಮಣ್ಣು ಕೆಲಸದ ಚೌಡವ್ವ ಅನ್ನೋ ಮುದುಕೀನ ಕರೆಸಿದ. ಅವಳು ಗುಂಡಿ ಅಗೆದ್ಲು, ಜೇಡಿಮಣ್ಣು ಹರಡಿದ್ಲು, ಏಳು ದಿನ ಎಮ್ಮೆ ಬಿಟ್ಟು ತುಳಿಸಿದ್ಲು. ಎಮ್ಮೆ ತುಳಿದ ಕೆಸರು ಗಟ್ಟಿಯಾಗಿ ಕೂತ್ರೆ ತಾನೇ ನೀರು ನಿಲ್ಲೋದು? ನೀರು ನಿಂತಿತಂತೆ.

ರಾಜ ಬಂದು ಇಣುಕಿದ. “ಥೂ, ಬರೀ ಕೆಸರು! ಕೊಳ ಅಂದ್ರೆ ಬೆಳ್ಳಿ ತಟ್ಟೆ ಥರ ಇರ್ಬೇಕು. ತಳ ಕೆರೆದು ತೊಳೀರೋ!”

“ಬ್ಯಾಡಿ ಬುದ್ಧೀ, ನೀರು ಹಿಡಿಯೋದೇ ಆ ಕೆಸರು” ಅಂದ್ಲು ಚೌಡವ್ವ.

“ಮಣ್ಣು ಹೊರೋಳು ನನಗೆ ಬುದ್ಧಿ ಹೇಳ್ತೀಯಾ?”

ಆಳುಗಳು ಕೆರೆದ್ರು. ಬೆಳಗ್ಗೆ ತುಂಬಿದ ನೀರು ಸಂಜೆಗೆ ಇಂಗೋಯ್ತು. ರಾಜನಿಗೆ ಸಿಟ್ಟು ನೆತ್ತಿಗೇರ್ತು. “ನಿನ್ನ ಕೊಳ ಸೋರುತ್ತೆ. ಅದು ನಿಲ್ಲೋವರೆಗೂ ನೀನೇ ಹೊಳೆಯಿಂದ ಹೊತ್ತು ತುಂಬ್ಸು. ತಪ್ಪಿದ್ರೆ ತಲೆ ತೆಗೆಸ್ತೀನಿ!”

ಹೊತ್ಲು ಕಣ್ರಪ್ಪಾ, ಏನ್ ಮಾಡ್ತಾಳೆ ಪಾಪ. ಹೋದ್ಲು, ತುಂಬಿದ್ಲು, ಬಂದ್ಲು, ಸುರಿದ್ಲು. ಹೋದ್ಲು, ತುಂಬಿದ್ಲು, ಬಂದ್ಲು, ಸುರಿದ್ಲು. ಇವಳು ಸುರಿಯೋಳು, ಸೋಮವಾರ ಸೋಮವಾರ ಆಳುಗಳು ಬಂದು ತಳ ಕೆರೆಯೋರು. ಹಿಂಗೇ ಮೂರು ವರ್ಷ. ಬಿಂದಿಗೆ ಹೊತ್ತೂ ಹೊತ್ತೂ ನೆತ್ತಿ ಕೂದಲು ಸವೆದೋಯ್ತಂತೆ. ಆ ರಾಜನ ಮನೆ ಹಾಳಾಗ, ಒಂದು ದಿನಾನಾದ್ರೂ ಆ ಕೊಳದ ಹತ್ರ ಕೂತ್ನಾ? ಇಲ್ಲ!

ನಾಲ್ಕನೇ ವರ್ಷ ರಾಜ ಆಳುಕಾಳು ಸಮೇತ ಬೀಗರೂರಿನ ಮದುವೆಗೆ ಹೋದ. ಹೋದೋನು ಎರಡು ತಿಂಗಳು ಅಲ್ಲೇ. ಚೌಡವ್ವ ಬಿಂದಿಗೆ ಕೆಳಗಿಟ್ಲು. “ತಲೆ ಹೋದ್ರೆ ಹೋಗ್ಲಿ. ಹೊರೋದಾದ್ರೂ ತಪ್ತದೆ” ಅಂದ್ಲಂತೆ. ತೋಟದ ಬಾಗಿಲು ತೆಗೆದು ಎಮ್ಮೆ ಒಳಗೆ ಹೊಡೆದ್ಲು. ಹೊಸದಾಗಿ ಜೇಡಿಮಣ್ಣು ಹರಡಿ ಏಳು ದಿನ ತುಳಿಸಿದ್ಲು. ಎಂಟನೇ ದಿನ ಮಳೆ ಬಂತು, ಕೊಳ ತುಂಬ್ತು. ದಡದಲ್ಲಿ ಜೊಂಡು ಎದ್ದಿತು, ಕಪ್ಪೆ ಬಂತು, ಕೊಕ್ಕರೆ ಬಂತು.

ರಾಜ ಬಂದು ನೋಡಿ ಕತ್ತಿ ಹಿರಿದ. “ಯಾರೇ ಇದನ್ನ ಹೊಲಸು ಮಾಡಿದ್ದು?”

“ನಾನೇ ಬುದ್ಧೀ. ಒಂದು ಬಿಂದಿಗೆನೂ ಸುರಿದಿಲ್ಲ, ನೀರು ನಿಂತೈತೆ. ಇಂಗಿದ್ರೆ ಕಡೀರಿ. ಏನ್ ಮಾಡೋದಿದ್ರೂ ಬೇಗ ಮಾಡಿ, ನಿಂತೂ ನಿಂತೂ ಕಾಲು ಬಿದ್ದೋಯ್ತು.”

ರಾಜ ನೀರಿನ ಅಂಚಿಗೆ ಗೂಟ ಹೊಡೆದು, ನೋಡೇಬಿಡೋಣ ಅಂತ ಅಲ್ಲೇ ಕೂತ. ಒಂದು ದಿನ ಕೂತ, ಎರಡು ದಿನ ಕೂತ, ಮೂರು ದಿನ ಕೂತ. ನೀರು ಗೂಟ ಬಿಟ್ಟು ಕದಲಲಿಲ್ಲ. ಅವನಿಗೂ ಎದ್ದು ಹೋಗೋ ಮನಸ್ಸಾಗಲಿಲ್ಲ.

“ತಪ್ಪಾಯ್ತು ಕಣವ್ವಾ” ಅಂದ. “ಏನು ಬೇಕು ಕೇಳು. ಹೊಲ ಕೊಡ್ಲಾ? ಚಿನ್ನ ಕೊಡ್ಲಾ?”

“ಏನೂ ಬ್ಯಾಡ ಬುದ್ಧೀ. ಮೂರು ವರ್ಷದ ನಿದ್ದೆ ಬಾಕಿ ಐತೆ. ಯಾರೂ ಎಬ್ಬಿಸದಂಗೆ ನೋಡ್ಕೊಳ್ಳಿ, ಸಾಕು.” ಹಂಗಂದೋಳೇ ಹೊಂಗೆ ಮರದ ಬುಡದಲ್ಲಿ ಸೆರಗು ಹಾಸಿ ಒರಗಿಬಿಟ್ಲು.

ರಾಜ ಕತ್ತಿ ಪಕ್ಕಕ್ಕಿಟ್ಟು, ಅವಳ ಮುಖದ ಮೇಲೆ ಕೂರೋ ನೊಣ ಓಡಿಸ್ತಾ ಕಾವಲು ಕೂತ್ನಂತೆ. ಕಪ್ಪೆಗಳು ವಟಗುಟ್ಟಿದ್ರೆ “ಶ್, ಸುಮ್ನಿರ್ರೋ” ಅಂತಿದ್ನಂತೆ.

ಅವರ ನೀರು ಅಲ್ಲಿ ನಿಂತಿತು, ನಮ್ಮ ಕಥೆ ಇಲ್ಲಿ ನಿಂತಿತು.