ಪಟೇಲ ಕೇಳಿದ ಜೇನು

ಸಣ್ಣೀರಮ್ಮನಿಗೆ ಇದ್ದದ್ದು ಎರಡು ಮೇಕೆ, ಹಿತ್ತಿಲಲ್ಲಿ ಜೇನು ಕಟ್ಟಿದ ನಾಲ್ಕು ಗಡಿಗೆ. ಒಂದು ದಿನ ಊರ ಪಟೇಲ ಚನ್ನವೀರಯ್ಯ ಬೇಲಿಯಾಚೆ ನಿಂತು ಗುಡುಗಿದ.

"ನಿನ್ನ ಹುಳ ಮೇಯೋದು ನನ್ನ ಹುಚ್ಚೆಳ್ಳಿನ ಹೊಲದಲ್ಲಿ. ಅಂದ್ಮೇಲೆ ಈ ಜೇನೆಲ್ಲ ನಂದು. ನಾಳೆ ಬೆಳಿಗ್ಗೆ ಅಷ್ಟೂ ನನ್ನ ಜಗುಲಿ ಮೇಲಿರಬೇಕು!"

"ಅಷ್ಟೂ ತರ್ತೀನಿ ಬುದ್ಧಿ," ಅಂದಳು ಸಣ್ಣೀರಮ್ಮ.

ಸಂಜೆ ಜೇನುತುಪ್ಪ ಹಿಂಡಿ ಒಳಗಿಟ್ಟಳು. ಹುಳಗಳೆಲ್ಲ ಗೂಡು ಸೇರಿದ ಮೇಲೆ ಗಡಿಗೆಗಳ ಬಾಯಿಗೆ ಬಟ್ಟೆ ಬಿಗಿದಳು. ಬೆಳಿಗ್ಗೆ ನಾಲ್ಕನ್ನೂ ಪಟೇಲನ ಜಗುಲಿ ಮೇಲಿಟ್ಟು, ತುಸು ದೂರದ ಹುಣಸೆಮರದಡಿ ಎಲೆಅಡಿಕೆ ಮೆಲ್ಲುತ್ತಾ ಕೂತಳು.

ಪಟೇಲ ನಾಲಿಗೆ ಚಪ್ಪರಿಸುತ್ತಾ ಬಟ್ಟೆ ಬಿಚ್ಚಿ ಬೆರಳಿಟ್ಟ. ಇಟ್ಟದ್ದೊಂದೇ ಗೊತ್ತು. ಕಚ್ಚೆ ಹಿಡಿದುಕೊಂಡು ಓಡಿ ಒಳಗಿನಿಂದ ಅಗುಳಿ ಹಾಕಿಕೊಂಡ.

"ಏನೇ ಇದು?" ಒಳಗಿನಿಂದಲೇ ಅರಚಿದ.

"ಜೇನು ಬುದ್ಧಿ, ನೀವೇ ಕೇಳಿದ್ದು. ತುಪ್ಪ ಅಂತ ಹೇಳಲಿಲ್ಲವಲ್ಲ!"

"ಹೊತ್ಕೊಂಡು ಹೋಗೇ!"

"ನಿಮ್ಮ ಸ್ವತ್ತು ನಾನು ಹೆಂಗೆ ಮುಟ್ಟಲಿ? ಯಾರದು ಅಂತ ಊರಿಗೆಲ್ಲ ಕೇಳೋ ಹಂಗೆ ಹೇಳಿ."

"ನಿಂದೇ ಕಣಮ್ಮ! ಜೇನು ನಿಂದೇ!"

"ಯಾವ ಜೇನು ಬುದ್ಧಿ? ಹುಳವೋ, ತುಪ್ಪವೋ?"

ಕಿಟಕಿ ಸಂದಿಯಲ್ಲಿ ಊದಿದ ತುಟಿಯೊಂದು ಕಾಣಿಸಿತು.

"ಎರಡೂ ನಿಂದೇ ತಾಯೀ!"