ನೀರುಗಿಡ ಕೀಳಿಸಿದ ಚುಕ್ಕೆರಾಯ

ಬೆಟ್ಟದ ಮೇಲೊಂದು ಸರೋವರವಿತ್ತು, ಮಕ್ಕಳೇ. ಬೇಸಿಗೆಯಲ್ಲೂ ಅದರ ನೀರಿಗೆ ಕಾಲಿಟ್ಟರೆ ಜುಮ್ಮೆನ್ನುತ್ತಿತ್ತು. ಟ್ರೌಟ್ ಮೀನುಗಳಿಗೆ ಅಂಥ ತಣ್ಣೀರೇ ಇಷ್ಟ. ಅಲ್ಲಿದ್ದ ಟ್ರೌಟ್‌ಗಳಲ್ಲೆಲ್ಲ ದೊಡ್ಡವನು ಚುಕ್ಕೆರಾಯ.

"ನೀವು ಇಷ್ಟು ದೊಡ್ಡವರಾಗಿದ್ದು ಹೇಗೆ ಮಾವ?" ಎಂದು ಮರಿಗಳು ಕೇಳಿದರೆ, "ಅದು ಹುಟ್ಟಿನಿಂದ ಬಂದದ್ದು. ಎಲ್ಲರಿಗೂ ಬರುವಂಥದ್ದಲ್ಲ" ಎಂದು ಮೀಸೆ ತಿರುವುತ್ತಿದ್ದ. ಮೀನಿಗೆ ಮೀಸೆಯೆಲ್ಲಿ ಅಂತ ನನ್ನನ್ನು ಕೇಳಬೇಡಿ, ಜಂಬಕ್ಕೆ ಮೀಸೆ ಬೇಕಾಗಿಲ್ಲ.

ಅವನಿಗೆ ಒಂದೇ ಕೊರಗು. ಸರೋವರದ ತಳದಲ್ಲಿ ನೀರುಗಿಡಗಳು ದಟ್ಟವಾಗಿ ಬೆಳೆದಿದ್ದವು. ಅವುಗಳ ನಡುವೆ ಓಡಾಡುವಾಗ ಅವನ ಅರ್ಧ ಮೈ ಯಾರಿಗೂ ಕಾಣುತ್ತಿರಲಿಲ್ಲ.

ಅವನು ಬಾತುಕೋಳಿಗಳನ್ನು ಕರೆದ. "ಇಷ್ಟು ದಿನ ನಿಮ್ಮ ಕಾಲು ಕಚ್ಚಿ ಓಡಿಸುತ್ತಿದ್ದೆ. ಇನ್ನು ಕಚ್ಚುವುದಿಲ್ಲ. ಈ ಕಳೆಯನ್ನೆಲ್ಲ ಕಿತ್ತು ತಿಂದುಬಿಡಿ" ಎಂದ.

ಕಲ್ಲಿನ ಸಂದಿಯಿಂದ ಏಡಿ ಅಜ್ಜಿ ಇಣುಕಿದಳು. "ಬೇಡ ಕಣಪ್ಪಾ. ಆ ಗಿಡಗಳ ಬುಡದಲ್ಲೇ ಸಿಗಡಿಗಳು ಮರಿ ಮಾಡೋದು. ನೀನು ದಿನಾ ತಿನ್ನೋದು ಅವನ್ನೇ ತಾನೇ?"

"ಸಿಗಡಿಗೇನು ಬರವೇ ಅಜ್ಜಿ? ನಿನಗೆ ವಯಸ್ಸಾಯಿತು, ಸುಮ್ಮನೆ ಬಿಸಿಲು ಕಾಯಿಸಿಕೊಂಡಿರು."

"ಆಯಿತಪ್ಪಾ, ನಿನ್ನ ಹೊಟ್ಟೆ, ನಿನ್ನಿಷ್ಟ."

ಬಾತುಕೋಳಿಗಳಿಗೆ ಹಬ್ಬವೋ ಹಬ್ಬ. ಮಳೆಗಾಲದ ಹೊತ್ತಿಗೆ ತಳವೆಲ್ಲ ಬೋಳಾಯಿತು. ಚುಕ್ಕೆರಾಯ ಆ ದಡದಿಂದ ಈ ದಡಕ್ಕೆ ಮೆರೆದದ್ದೇ ಮೆರೆದದ್ದು. ಎಲ್ಲರೂ ಅವನ ಮೈಯನ್ನು ಪೂರ್ತಿಯಾಗಿ ನೋಡಿದರು.

ಆದರೆ ಅಡಗಲು ಜಾಗವಿಲ್ಲದೆ ಸಿಗಡಿಗಳು ಸಿಕ್ಕಸಿಕ್ಕವರ ಬಾಯಿಗೆ ಬಿದ್ದು ಮುಗಿದುಹೋದವು. ದೊಡ್ಡ ಮೈಗೆ ಹಸಿವೂ ದೊಡ್ಡದು. ಹಗಲೆಲ್ಲ ಅಲೆದರೂ ಚುಕ್ಕೆರಾಯನ ಹೊಟ್ಟೆ ತುಂಬಲಿಲ್ಲ. ಮೈ ಸೊರಗಿ, ತಲೆಯೊಂದೇ ದೊಡ್ಡದಾಗಿ ಕಾಣತೊಡಗಿತು. ಇನ್ನು ಬದುಕುವುದಿಲ್ಲವೇನೋ ಎಂದು ಅವನಿಗೆ ಭಯವಾಯಿತು.

"ತಪ್ಪಾಯಿತು ಅಜ್ಜಿ. ಈಗೇನು ಮಾಡಲಿ?"

ಅಜ್ಜಿಗೆ ಚೆನ್ನಾಗಿ ಬೈಯುವ ಮನಸ್ಸಿತ್ತು. ಅವನ ಮೈಯ ಮೂಳೆ ನೋಡಿ ಸುಮ್ಮನಾದಳು. "ನನ್ನ ಕಲ್ಲಿನ ಹಿಂದೆ ಒಂದು ಹಿಡಿ ಗಿಡ ಉಳಿದಿದೆ. ಬಾತುಗಳನ್ನು ಚಿವುಟಿ ಚಿವುಟಿ ಉಳಿಸಿಕೊಂಡೆ. ಅದರೊಳಗೆ ನಾಲ್ಕು ಸಿಗಡಿಗಳೂ ಇವೆ. ಅವನ್ನು ಕಾಯಿ, ಬಾಯಿ ಹಾಕಬೇಡ."

"ಮತ್ತೆ ನಾನು ತಿನ್ನೋದೇನು?"

"ನೀರಿನ ಮೇಲೆ ಬೀಳೋ ನೊಣ, ಇರುವೆ."

ಚುಕ್ಕೆರಾಯ ನೊಣ ತಿಂದುಕೊಂಡು ಕಾವಲು ನಿಂತ. ಕಣ್ಣೆದುರೇ ಸಿಗಡಿಗಳು ಓಡಾಡುತ್ತಿದ್ದವು, ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೂ ಬಾಯಿ ತೆರೆಯಲಿಲ್ಲ. ಬಾತುಗಳು ಬಂದಾಗಲೆಲ್ಲ ಕಾಲು ಕಚ್ಚಿ ಓಡಿಸಿದ. ಗಿಡ ಮೆಲ್ಲಗೆ ತಳದ ತುಂಬ ಹಬ್ಬಿತು. ಸಿಗಡಿಗಳು ಮರಿ ಮಾಡಿದವು.

ಕೊನೆಗೊಂದು ಬೆಳಿಗ್ಗೆ ಏಡಿ ಅಜ್ಜಿ, "ಇನ್ನು ತಿನ್ನಪ್ಪಾ, ಸಾಕಷ್ಟಿವೆ" ಎಂದಳು.

ಅವನು ಹಿಂದೆ ತಿರುಗಿದ. ಬಡಕಲು ಟ್ರೌಟ್ ಮರಿಗಳು ಅವನ ಬಾಯಿಯನ್ನೇ ನೋಡುತ್ತ ನಿಂತಿದ್ದವು.

"ಮೊದಲು ಇವು ತಿನ್ನಲಿ ಅಜ್ಜಿ. ಇವುಗಳ ಹೊಟ್ಟೆ ಮೇಲೆ ಹೊಡೆದವನು ನಾನು" ಎಂದು ಪಕ್ಕಕ್ಕೆ ಸರಿದ.

ಚುಕ್ಕೆರಾಯನಿಗೆ ಹಳೆಯ ಮೈ ಮತ್ತೆ ಬರಲಿಲ್ಲ. ಆ ಮರಿಗಳೆಲ್ಲ ಅವನಿಗಿಂತ ದೊಡ್ಡವಾದವು. ಅದನ್ನು ನೋಡಿ ಅವನಿಗೆ ಸಂತೋಷವೇ ಆಯಿತು.

ನೀತಿ: ಯಾರೂ ತಮ್ಮಷ್ಟಕ್ಕೆ ತಾವೇ ದೊಡ್ಡವರಾಗುವುದಿಲ್ಲ, ನಮ್ಮನ್ನು ಬೆಳೆಸಿದ ಚಿಕ್ಕಪುಟ್ಟವುಗಳನ್ನು ನಾವು ಕಾಪಾಡಬೇಕು.